ಅನ್ನದ ಹಂಡೆಗೆ ರಾ, ಅಗ್ನಿಗೆ ಜೆಪೆಗ್: ಒಂದು ಒತ್ತೆಕೋಲದ ರಾತ್ರಿಯ ಲೆಕ್ಕ

ಮಾಷ್ಟ್ರ ಫೋನ್ ಬಂದದ್ದು ಒತ್ತೆಕೋಲ ಮುಗಿದು ಹದಿನೈದು ದಿನ ಆದ ಮೇಲೆ. "ಆ ದೈವ ಕೆಂಡಕ್ಕೆ ಹಾರಿದ ಫೋಟೋ ಉಂಟಲ್ಲ, ಅದನ್ನ ಮೂರಡಿ ಅಗಲಕ್ಕೆ ಮಾಡಿಸಿ ಫ್ರೇಮ್ ಹಾಕಿ ಚಾವಡಿಯಲ್ಲಿ ಇಡುವ ಅಂತ ಎಲ್ರೂ ಹೇಳ್ತಿದ್ದಾರೆ, ಎಷ್ಟಾಗ್ತದೆ ನೋಡಿ ಹೇಳು" ಅಂತ. ನಾನು ಖುಷಿಯಲ್ಲಿ ಅಲ್ಲೇ ರೇಟ್ ಹೇಳಿಯೂ ಬಿಟ್ಟೆ. ರಾತ್ರಿ ಊಟ ಆದ ಮೇಲೆ ಕಂಪ್ಯೂಟರಿನಲ್ಲಿ ಆ ಫೋಟೋ ತೆಗೆದು ನೂರು ಪರ್ಸೆಂಟ್ ದೊಡ್ಡದು ಮಾಡಿ ನೋಡ್ತೇನೆ, ದೈವಕ್ಕೆ ಮುಖವೇ ಇಲ್ಲ. ಕಣ್ಣಿನ ಸುತ್ತದ ಕಪ್ಪು ಉಂಟು, ಎರಡು ತೂತಿನ ಹಾಗೆ, ಉಳಿದದ್ದೆಲ್ಲ ಒಂದೇ ಕೇಸರಿ ತೇಪೆ. ಕೆನ್ನೆ ಎಲ್ಲಿ, ಗದ್ದ ಎಲ್ಲಿ, ಬಣ್ಣದ ಗೆರೆ ಎಲ್ಲಿ, ಎಂತದೂ ಗೊತ್ತಾಗ್ಲಿಕ್ಕಿಲ್ಲ.

ರಾ ದಲ್ಲಿ ತೆಗಿಬೇಕಾ ಜೆಪೆಗ್ ಸಾಕಾ ಅಂತ ನನ್ನ ಹತ್ರ ಕೇಳುವವರು ಸುಮಾರು ಜನ ಇದ್ದಾರೆ, ಅವರಿಗೆಲ್ಲ ನಾನು ಇಷ್ಟು ವರ್ಷ ಒಂದೇ ಉತ್ತರ ಕೊಡ್ತಿದ್ದೆ, ರಾ ತೆಗಿ ಮಾರಾಯ ಆಮೇಲೆ ನೋಡ್ಕೊಳ್ಳುವ ಅಂತ. ರಾ ಅಂದ್ರೆ ಕ್ಯಾಮರಾ ಹಿಡಿದದ್ದನ್ನ ಹಸಿಯಾಗಿಯೇ ಇಟ್ಟ ಫೈಲ್, ಜೆಪೆಗ್ ಅಂದ್ರೆ ಕ್ಯಾಮರಾವೇ ಅಡಿಗೆ ಮಾಡಿ ಕೊಟ್ಟ ರೆಡಿ ಫೋಟೋ. ಆ ಉತ್ತರದಲ್ಲೇ ತಪ್ಪುಂಟು. ಆ ರಾತ್ರಿ ನಾನು ತೆಗೆದದ್ದರಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ರಾ ದಲ್ಲೇ ಇತ್ತು, ಆದ್ರೂ ಬೇಕಾದದ್ದು ಹೋಯ್ತು. ಹೇಗೆ ಹೋಯ್ತು ಅಂತ ಮೊದಲಿಂದ ಹೇಳ್ತೇನೆ.

ಜಾಗ ಕಾಸರಗೋಡಿನ ಮುಳ್ಳೇರಿಯದಿಂದ ಅಡೂರು ಕಡೆಗೆ ಹೋಗುವಾಗ ಸ್ವಲ್ಪ ಒಳಗೆ, ಮನೆತನದ ಹೆಸರು ಬೇಡ. ಒತ್ತೆಕೋಲ ಗೊತ್ತಿಲ್ಲದವರಿಗೆ ಎರಡು ಮಾತು: ವಿಷ್ಣುಮೂರ್ತಿ ದೈವ, ಅಂದ್ರೆ ನರಸಿಂಹನ ಅಂಶ, ಬೆಳಗಿನ ಜಾವ ಕೆಂಡದ ರಾಶಿಗೆ ಹಾರುವ ಸೇವೆ. ರಾಶಿಗೆ ಮೇಲೇರಿ ಅಂತ ಹೆಸರು. ರಾತ್ರಿ ಅದಕ್ಕೆ ಬೆಂಕಿ ಕೊಡ್ತಾರೆ, ಉರಿದು ಉರಿದು ಬೆಳಗಾಗುವಾಗ ಕೆಂಡದ ಗುಡ್ಡೆ ಆಗಿರ್ತದೆ, ದೈವ ಸೊಂಟಕ್ಕೆ ತೆಂಗಿನ ಎಳೆ ಗರಿ ಕಟ್ಟಿಕೊಂಡು ಓಡಿ ಬಂದು ಅದರ ಮೇಲೆ ಬೀಳ್ತದೆ, ಜೊತೆಗಿದ್ದವರು ಎಳೆದು ತೆಗೀತಾರೆ, ಮತ್ತೆ ಹಾರ್ತದೆ. ನಮ್ಮ ಕಡೆ ಕನ್ನಡ, ತುಳು, ಮಲಯಾಳ ಮಾತಾಡುವವರೆಲ್ಲ ಒಟ್ಟಿಗೇ ನಿಂತು ನೋಡುವ ರಾತ್ರಿ ಅದು. ಫೋಟೋದವನಿಗೆ ಶರ್ತ ಎರಡು. ಫ್ಲ್ಯಾಶ್ ಹೊಡಿಬಾರ್ದು, ಹಗ್ಗ ದಾಟಬಾರ್ದು.

ನನ್ನ ಕೈಯಲ್ಲಿದ್ದದ್ದು ನಿಕಾನ್ ಡಿ750, 24 ಮೆಗಾಪಿಕ್ಸೆಲ್, 2014ರ ಮಾಡೆಲ್, ಹಳತಾದ್ರೂ ಕೆಲಸಕ್ಕೆ ಗಟ್ಟಿ. ಎರಡು ಕಾರ್ಡ್ ಹಾಕ್ಲಿಕ್ಕೆ ಜಾಗ ಉಂಟು, ಎರಡರಲ್ಲೂ 32 ಜಿಬಿ. ಹಿಂದೆ ಒಂದು ಮದುವೆಯಲ್ಲಿ ಕಾರ್ಡ್ ಕೈಕೊಟ್ಟು ಧಾರೆಯ ಫೋಟೋ ಹೋಗುವುದು ಸ್ವಲ್ಪದರಲ್ಲಿ ತಪ್ಪಿತ್ತು, ಆವತ್ತಿಂದ ನಾನು ಎರಡನೇ ಕಾರ್ಡನ್ನ ಬ್ಯಾಕಪ್‌ಗೆ ಇಟ್ಟದ್ದು, ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಬರೀತದೆ. ಒಳ್ಳೆ ಅಭ್ಯಾಸವೇ, ಆದ್ರೆ 64 ಜಿಬಿ ಇದ್ರೂ ಸಿಗುವುದು 32 ಮಾತ್ರ. 14 ಬಿಟ್ ರಾ ಫೈಲ್ ಒಂದಕ್ಕೆ 28 ಎಂಬಿ ಹತ್ತಿರ ಬರ್ತದೆ, ಅಂದ್ರೆ ಸಾವಿರ ಚಿಲ್ಲರೆ ಫೋಟೋಕ್ಕೆ ಕಾರ್ಡ್ ಮುಗೀತು. ಸಾವಿರ ಧಾರಾಳ ಅಂತ ನನ್ನ ಅಂದಾಜು. ಎಕ್ಸ್‌ಟ್ರಾ ಕಾರ್ಡ್ ಇದ್ದ ಪರ್ಸು ಮನೆಯಲ್ಲಿ ಇನ್ನೊಂದು ಬ್ಯಾಗಿನಲ್ಲಿ ಆರಾಮ ಮಲಗಿತ್ತು.

ಸಂಜೆ ಆರು ಗಂಟೆಗೆ ಶುರು ಮಾಡಿದೆ. ದೈವದ ಒಡವೆ-ಆಯುಧದ ಭಂಡಾರ ಬಂದದ್ದು, ಚೆಂಡೆಯವರು, ಮೇಲೇರಿಗೆ ಬೆಂಕಿ ಕೊಟ್ಟದ್ದು, ಇಷ್ಟು ಸರಿ. ಆಮೇಲೆ ಕಮಿಟಿಯವರು ಒಬ್ಬೊಬ್ಬರಾಗಿ ಭುಜ ತಟ್ಲಿಕ್ಕೆ ಶುರು. "ಅಡಿಗೆಯವರದ್ದೊಂದು ತೆಗಿ." "ಊಟದ ಪಂಕ್ತಿಯದ್ದು ಆ ಕಡೆಯಿಂದ ಒಂದು." "ಗಲ್ಫಿಂದ ನಮ್ಮ ಭಾವ ಬಂದಿದ್ದಾರೆ, ಒಟ್ಟಿಗೆ ಒಂದು ಗ್ರೂಪ್." ಪೆಂಡಾಲಿನಲ್ಲಿ ಎಲ್‌ಇಡಿ ಟ್ಯೂಬ್ ಲೈಟ್ ಹಗಲಿನ ಹಾಗೆ ಇತ್ತು, ಕ್ಯಾಮರಾದ ಆಟೋ ವೈಟ್ ಬ್ಯಾಲೆನ್ಸ್, ಅಂದ್ರೆ ಬೆಳಕಿನ ಬಣ್ಣ ನೋಡಿ ಬಿಳಿಯನ್ನ ಬಿಳಿಯೇ ಮಾಡುವ ಲೆಕ್ಕ, ಅಲ್ಲಿ ತಪ್ಪುವುದೇ ಇಲ್ಲ. ಆ ಅನ್ನದ ಹಂಡೆ, ಬಡಿಸುವವರ ಬೆವರು, ಮಕ್ಕಳ ಐಸ್‌ಕ್ರೀಂ, ಎಲ್ಲವನ್ನೂ ನಾನು 14 ಬಿಟ್ ರಾ ದಲ್ಲಿ ತೆಗೆದೆ. ಇವತ್ತಿನವರೆಗೆ ಅದರಲ್ಲಿ ಒಂದೇ ಒಂದು ಫೈಲನ್ನೂ ಬಿಡಿಸಿ ಎಡಿಟ್ ಮಾಡಿದ್ದಿಲ್ಲ.

ರಾತ್ರಿ ಎರಡೂವರೆಗೆ ಚಾ ಕುಡಿತಾ ಮೇಲಿನ ಸ್ಕ್ರೀನ್ ನೋಡಿದ್ರೆ ಉಳಿದದ್ದು 140. ಅಗ್ನಿಪ್ರವೇಶ ಇನ್ನೂ ಎರಡು ಗಂಟೆ ಉಂಟು. ಬ್ಯಾಕಪ್ ಕಾರ್ಡ್ ಅಳಿಸುವ ಅಂದ್ರೆ ಆ ಹೊತ್ತಿಗೆ ನಿದ್ದೆಗಣ್ಣಲ್ಲಿ ಯಾವುದನ್ನ ಅಳಿಸ್ತೇನೋ ಅಂತ ಹೆದರಿಕೆ. ಬದಿಯಡ್ಕಕ್ಕೆ ಹೋಗಿ ಕಾರ್ಡ್ ತರುವ ಅಂದ್ರೆ ಕಾರು ನಾಲ್ಕು ಸಾಲಿನ ಹಿಂದೆ ಸಿಕ್ಕಿ ಬಿದ್ದಿದೆ. ಕ್ವಾಲಿಟಿಯನ್ನ ಜೆಪೆಗ್ ಫೈನ್ ಮಾಡಿದೆ, 140 ಇದ್ದದ್ದು ಮುನ್ನೂರರ ಮೇಲೆ ಹೋಯ್ತು, ಸಮಾಧಾನ ಆಯ್ತು.

ಇದನ್ನ ಬರೇ ಬೆಪ್ಪು ಕೆಲಸ ಅಂತ ಹೇಳಿದ್ರೆ ನನಗೆ ನಾನೇ ಅನ್ಯಾಯ ಮಾಡಿದ ಹಾಗೆ. ಇನ್ನೊಂದು ಕಾರಣವೂ ತಲೆಯಲ್ಲಿತ್ತು. ಈ ಕ್ಯಾಮರಾ ಸೆಕೆಂಡಿಗೆ ಆರೂವರೆ ಫೋಟೋ ಹೊಡೀತದೆ, ಆದ್ರೆ ರಾ ದಲ್ಲಿ ಹದಿನೈದರ ಹತ್ತಿರ ಬರುವಾಗ ಬಫರ್, ಅಂದ್ರೆ ಕಾರ್ಡಿಗೆ ಬರೆಯುವ ಮೊದಲು ಫೋಟೋ ಕಾಯುವ ಜಾಗ, ತುಂಬ್ತದೆ, ಅಂದ್ರೆ ಎರಡು ಎರಡೂವರೆ ಸೆಕೆಂಡ್, ಆಮೇಲೆ ಕಾರ್ಡಿಗೆ ಬರೆದು ಮುಗಿಯುವವರೆಗೆ ತೊಟ್ಟಿಕ್ಕಿದ ಹಾಗೆ ಒಂದು, ಮತ್ತೊಂದು. ಎರಡು ಕಾರ್ಡಿಗೆ ಬರೀಬೇಕಾದ್ರೆ ಇನ್ನೂ ನಿಧಾನ. ದೈವ ಓಡಿ ಬಂದು ಹಾರಿ ಬಿದ್ದು ಎದ್ದು ಹೊರಗೆ ಬರ್ಲಿಕ್ಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಜೆಪೆಗ್‌ನಲ್ಲಿ ಬಫರ್ ಆರಾಮ ಸಾಕಾಗ್ತದೆ. ಹಾಗಾಗಿ ಬೆಂಕಿಗೆ ಜೆಪೆಗೇ ಒಳ್ಳೇದು ಅಂತ ನಾನು ನನ್ನನ್ನೇ ಒಪ್ಪಿಸಿದೆ. ವೈಟ್ ಬ್ಯಾಲೆನ್ಸನ್ನ ಕೆಲ್ವಿನ್‌ಗೆ, ಅಂದ್ರೆ ಬೆಳಕಿನ ಬಣ್ಣ ಅಳೆಯುವ ಅಂಕೆಗೆ ತಂದು ಎಷ್ಟು ಕೆಳಗೆ ಹೋಗ್ತದೋ ಅಷ್ಟು, ಅಂದ್ರೆ 2500ಕ್ಕೆ ಇಟ್ಟೆ. ಫೋಟೋದ ಬಣ್ಣ ಎಷ್ಟು ಗಾಢ ಬೇಕು ಅಂತ ಹೇಳುವ ಪಿಕ್ಚರ್ ಕಂಟ್ರೋಲ್ ಮೆನು ಹಿಂದಿನ ವಾರ ಒಂದು ಮೆಹಂದಿಯಲ್ಲಿ ವಿವಿಡ್‌ಗೆ ಇಟ್ಟದ್ದು ಹಾಗೇ ಇತ್ತು, ಅದು ನೆನಪೇ ಇರ್ಲಿಲ್ಲ. ರಾ ತೆಗೆಯುವವರಿಗೆ ಆ ಮೆನು ಇದ್ದದ್ದೇ ಮರೆತು ಹೋಗ್ತದೆ, ಯಾಕಂದ್ರೆ ರಾ ಫೈಲಿಗೆ ಅದು ಬರೇ ಚೀಟಿ ಅಂಟಿಸಿದ ಹಾಗೆ, ಆಮೇಲೆ ಕಿತ್ತು ಬಿಸಾಡ್ಬಹುದು. ಜೆಪೆಗ್‌ಗೆ ಅದು ಹಚ್ಚೆ.

ನಾಲ್ಕೂವರೆ ದಾಟಿತ್ತು. ಸೆಟ್ಟಿಂಗ್ ಹೇಳಿಬಿಡ್ತೇನೆ, ಮುಂದೆ ಬೇಕಾಗ್ತದೆ: 70-200 ಲೆನ್ಸ್, ಎಫ್ 2.8, ಐಎಸ್‌ಒ 3200, ಶಟರ್ 1/640. ಚೆಂಡೆ ಏರಿತು, ಜನ ಹಗ್ಗಕ್ಕೆ ಒತ್ತಿದ್ರು, ದೈವ ಓಡಿ ಬಂತು. ಬಟನ್ ಒತ್ತಿ ಹಿಡಿದವ ಬಿಡ್ಲೇ ಇಲ್ಲ. ಎರಡೂ ಕಾಲು ನೆಲ ಬಿಟ್ಟು, ಕೈ ಎರಡೂ ಹಿಂದೆ, ಸೊಂಟದ ಗರಿ ಎಲ್ಲ ಬೀಸಣಿಗೆಯ ಹಾಗೆ ಹರಡಿ, ಕೆಳಗಿಂದ ಕಿಡಿ ಎದ್ದದ್ದು, ಅದೊಂದು ಫ್ರೇಮ್ ಸಿಕ್ಕಿದ್ದು ಆಗ. ಒತ್ತಿ ಹಿಡಿದ ಸಾಲಿನಲ್ಲಿ ಅದು ಹತ್ತೊಂಬತ್ತನೆಯದ್ದು, ಆಮೇಲೆ ಎಣಿಸಿ ನೋಡಿದ್ದೇನೆ. ರಾ ದಲ್ಲಿದ್ರೆ ಹತ್ತೊಂಬತ್ತನೆಯದ್ದು ಆ ಕ್ಷಣಕ್ಕೆ ಬರ್ತಿತ್ತಾ? ಬರ್ತಿರ್ಲಿಲ್ಲ ಅಂತಲೇ ನನಗೆ ಕಾಣ್ತದೆ. ಈ ಮಾತು ಇಲ್ಲಿ ಇರ್ಲಿ, ಯಾಕಂದ್ರೆ ರಾ ಪಕ್ಷದವರು ಇದನ್ನ ಯಾವಾಗ್ಲೂ ನುಂಗಿ ಹಾಕ್ತಾರೆ.

ಐದಾರು ಸರ್ತಿ ಹಾರಿದ ಮೇಲೆ ಗಲಾಟೆ ಸ್ವಲ್ಪ ಇಳಿಯಿತು. ನೂರ ಎಂಬತ್ತರ ಹತ್ತಿರ ಜೆಪೆಗ್ ಆಗಿತ್ತು. ಉಳಿದ ಜಾಗ ಇನ್ನು ಯಾರಿಗೆ ಅಂತ ಹೇಳಿ ಪುನಃ ರಾ ಗೆ ಹಾಕಿ, ದೈವ ಕೆಂಡದ ಬದಿಯಲ್ಲಿ ನಿಂತು ನುಡಿ ಕೊಡುವುದು, ಮತ್ತೆರಡು ಸರ್ತಿ ಕೆಂಡಕ್ಕೆ ಒರಗಿದ್ದು, ಎಲ್ಲ ಸೇರಿ ಐವತ್ತು ತೆಗೆದೆ. ಸೆಟ್ಟಿಂಗ್ ಯಾವುದನ್ನೂ ಮುಟ್ಟಿಲ್ಲ. ಹಾಗಾಗಿ ಅದೇ ದೈವ, ಅದೇ ಬೆಂಕಿ, ಅದೇ ಎಕ್ಸ್‌ಪೋಷರ್, ಒಂದು ರಾಶಿ ಜೆಪೆಗ್, ಒಂದು ರಾಶಿ ರಾ. ಬೇಕಂತ ಮಾಡಿದ್ರೂ ಇಷ್ಟು ಸರಿಯಾದ ಪರೀಕ್ಷೆ ಆಗ್ತಿರ್ಲಿಲ್ಲ.

ಬೆಳಿಗ್ಗೆ ಆರೂವರೆಗೆ ಕಮಿಟಿಯ ಹುಡುಗ ಕಾರಿನ ಗ್ಲಾಸ್ ಬಡಿದ, ಗ್ರೂಪಿಗೆ ಹಾಕ್ಲಿಕ್ಕೆ ಹತ್ತು ಫೋಟೋ ಬೇಕು, ಪೇಪರಿನವರೂ ಕೇಳ್ತಿದ್ದಾರೆ. ಕಾರ್ಡ್ ರೀಡರ್ ಮೊಬೈಲಿಗೆ ಚುಚ್ಚಿ ಜೆಪೆಗ್ ತೆಗೆದು ಕೊಟ್ಟೆ, ಐದು ನಿಮಿಷದ ಕೆಲಸ. ಎಂಟು ಗಂಟೆಗೆ ಊರಿಡೀ ಸ್ಟೇಟಸ್. "ಎಂತಾ ಬೆಂಕಿ ಬಂದಿದೆ ಮಾರಾಯ" ಅಂತ ಮೆಸೇಜ್ ಮೇಲೆ ಮೆಸೇಜ್. ಮೊಬೈಲಿನ ಆರಿಂಚಿನಲ್ಲಿ ಆ ಕೇಸರಿ ತೇಪೆ ತೇಪೆಯಾಗಿ ಕಾಣ್ಲಿಲ್ಲ, ಬೆಂಕಿಯ ಪ್ರಭೆಯ ಹಾಗೆ ಕಂಡಿತು. ನನಗೂ ಹಾಗೇ ಕಂಡದ್ದು.

ಈಗ ಆ ಹದಿನೈದು ದಿನದ ನಂತರದ ರಾತ್ರಿಗೆ ಬರುವ. ಹಾರಿದ ಫೋಟೋವನ್ನ ಫೋಟೋಶಾಪಿನಲ್ಲಿ ಹಾಕಿ ಒಂದೊಂದೇ ಬಣ್ಣದ ಚಾನೆಲ್ ಬಿಡಿಸಿ ನೋಡಿದೆ. ಕೆಂಪು ಚಾನೆಲ್‌ನಲ್ಲಿ ಮುಖ ಇದ್ದ ಜಾಗ ಸುಣ್ಣ ಬಳಿದ ಗೋಡೆ, ಎಲ್ಲಿ ಇಟ್ಟು ನೋಡಿದ್ರೂ 255. ನೀಲಿ ಚಾನೆಲ್ ಮಸಿ, ಸೊನ್ನೆ. ಹಸಿರಿನಲ್ಲಿ ಮಾತ್ರ ದೈವ ಇತ್ತು! ಕೆನ್ನೆಯ ಗೆರೆ, ಮೂಗಿನ ನೆರಳು, ಹಣೆಯ ಬೆವರು ಎಲ್ಲ ಹಸಿರು ಚಾನೆಲ್‌ನ ಕಪ್ಪುಬಿಳುಪಿನಲ್ಲಿ ಸ್ಪಷ್ಟ. ಮೂರು ಪಾತ್ರೆಯಲ್ಲಿ ಒಂದು ತುಂಬಿ ಚೆಲ್ಲಿ ಹೋಗಿದೆ, ಒಂದರಲ್ಲಿ ಹನಿ ನೀರಿಲ್ಲ, ಉಳಿದ ಒಂದರಲ್ಲಿ ಮಾತ್ರ ಲೆಕ್ಕ ಸರಿ ಉಂಟು.

ಯಾಕೆ ಹೀಗೆ ಅಂದ್ರೆ ಮೊದಲು ಬೆಂಕಿಯ ವಿಷಯ. ದೀಪದ ಜ್ವಾಲೆ, ಉರಿಯುವ ಕಟ್ಟಿಗೆ ಇದೆಲ್ಲ 1900 ಕೆಲ್ವಿನ್ ಆಸುಪಾಸು, ಅಂಕೆ ಕಡಿಮೆ ಆದಷ್ಟು ಬೆಳಕು ಕೆಂಪು. ಹಗಲಿನ ಬೆಳಕು 5500ರ ಹತ್ತಿರ. ನನ್ನ ಕ್ಯಾಮರಾದ ಆಟೋ ಕೆಲಸ ಮಾಡುವುದು 3500ರಿಂದ ಮೇಲೆ, ಕೈಯಿಂದ ಇಟ್ರೂ 2500ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಅಂದ್ರೆ ನಾನು ಎಷ್ಟು ಹುಷಾರಾಗಿ ಸೆಟ್ ಮಾಡಿದ್ರೂ ಮೇಲೇರಿಯ ಬೆಳಕು ಕ್ಯಾಮರಾದ ಲೆಕ್ಕದಿಂದ ಹೊರಗೆ. ಮತ್ತೆ ಸೆನ್ಸರ್, ಅಂದ್ರೆ ಬೆಳಕು ಹಿಡಿಯುವ ಚಿಪ್. ಅದಕ್ಕೆ ಬಣ್ಣ ಗೊತ್ತಿಲ್ಲ, ಬೆಳಕು ಎಷ್ಟು ಬಿತ್ತು ಅಂತ ಮಾತ್ರ ಗೊತ್ತು. ಪ್ರತಿ ಪಿಕ್ಸೆಲ್ ಮೇಲೆ ಒಂದು ಬಣ್ಣದ ಫಿಲ್ಟರ್ ಕೂರಿಸಿರ್ತಾರೆ, ಅರ್ಧ ಹಸಿರು, ಕಾಲು ಕೆಂಪು, ಕಾಲು ನೀಲಿ. ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆ ಅದು, ಇವತ್ತಿಗೂ ಹೆಚ್ಚಿನ ಕ್ಯಾಮರಾಗಳಲ್ಲಿ ಅದೇ. ರಾ ಅಂದ್ರೆ ಆ ಪಿಕ್ಸೆಲ್‌ಗಳ ಎಣಿಕೆಯನ್ನ ಹಾಗೇ ಬರೆದಿಟ್ಟದ್ದು, 14 ಬಿಟ್ ಆದ್ರೆ ಸೊನ್ನೆಯಿಂದ 16,383ರವರೆಗೆ. ಜೆಪೆಗ್ ಮಾಡುವಾಗ ಕ್ಯಾಮರಾ ಒಳಗೇ ಕೂತು ವೈಟ್ ಬ್ಯಾಲೆನ್ಸ್ ಹಾಕಿ, ಕಾಂಟ್ರಾಸ್ಟ್ ಏರಿಸಿ, ವಿವಿಡ್ ಅಂತ ಹೇಳಿದ್ರೆ ಬಣ್ಣವನ್ನ ಇನ್ನಷ್ಟು ಹಿಂಡಿ, ಕೊನೆಗೆ ಒಂದೊಂದು ಬಣ್ಣಕ್ಕೂ 256 ಮೆಟ್ಟಿಲಿಗೆ ಇಳಿಸಿ ಕೊಡ್ತದೆ. ಜೆಪೆಗ್‌ನ ಬಣ್ಣಗಳಿಗೆ ಎಸ್‌ಆರ್‌ಜಿಬಿ ಅಂತ ಒಂದು ಗಡಿ ಉಂಟು, ಅಷ್ಟು ದಟ್ಟ ಕೇಸರಿ ಆ ಬೇಲಿಯೊಳಗೆ ಹಿಡಿಸುವುದೇ ಇಲ್ಲ, ಹಿಡಿಸದ್ದೆಲ್ಲ 255ಕ್ಕೆ ಹೋಗಿ ಗೋಡೆಗೆ ಒತ್ತಿಕೊಳ್ತದೆ. ಒಮ್ಮೆ ಒತ್ತಿದ್ದು ಯಾವುದು ಕೆನ್ನೆ ಯಾವುದು ಗದ್ದ ಅಂತ ವಾಪಸ್ ಬಿಡಿಸ್ಲಿಕ್ಕೆ ಆಗುವುದಿಲ್ಲ.

ಸೆನ್ಸರಿನಲ್ಲಿ ಕೆಂಪು ತುಂಬಿರ್ಲೇ ಇಲ್ಲ. ಚೆಲ್ಲಿದ್ದು ಜೆಪೆಗ್ ಮಾಡುವಾಗ. ಇದು ಗೊತ್ತಾದದ್ದು ಆ ಐವತ್ತು ರಾ ಫೈಲಿನಿಂದ. ಮೊದಲು ತೆಗೆದಾಗ ಅದೂ ಹಾಗೇ ತೇಪೆ ಮುಖ. ಪ್ರೊಫೈಲನ್ನ ವಿವಿಡ್‌ನಿಂದ ನ್ಯೂಟ್ರಲ್‌ಗೆ ಹಾಕಿದೆ, ಟೆಂಪರೇಚರ್ 2200ಕ್ಕೆ ಇಳಿಸಿದೆ, ಎಕ್ಸ್‌ಪೋಷರ್ ಮುಕ್ಕಾಲು ಸ್ಟಾಪ್ ಕೆಳಗೆ. ಮುಖ ಎದ್ದು ಬಂತು. ಕೆನ್ನೆಯ ಮೇಲೆ ಬೂದಿ ಬೆವರಿಗೆ ಅಂಟಿ ಅದರ ಮೇಲೆ ಬೆವರಿನ ಒಂದು ಹನಿ ದಾರಿ ಮಾಡಿಕೊಂಡು ಇಳಿದದ್ದು, ಎಳೆ ಗರಿಯ ತುದಿ ಕರಕಲಾಗಿ ಸುರುಟಿದ್ದು, ಅದೆಲ್ಲ ಕಂಡಿತು. ಬೆಂಕಿಯ ಬೆಳಕನ್ನ ಪೂರಾ ಬಿಳಿ ಮಾಡ್ಲಿಕ್ಕೆ ಹೋಗ್ಲಿಲ್ಲ, ಮಾಡಿದ್ರೆ ಅದು ಒತ್ತೆಕೋಲವೇ ಅಲ್ಲ, ಸ್ಟುಡಿಯೋ ಆಗ್ತದೆ.

ಹಾಗಂತ ರಾ ಮಂತ್ರವಾದ ಅಲ್ಲ. ಜ್ವಾಲೆಯೇ ಫ್ರೇಮಿನೊಳಗೆ ಬಂದ ಕಡೆ ರಾ ದಲ್ಲೂ ಬಿಳಿ ಬಿಳಿಯೇ, ಸೆನ್ಸರೇ ತುಂಬಿದ ಮೇಲೆ ಯಾವ ಫೈಲಿಗೂ ಉಪಾಯ ಇಲ್ಲ. ನೀಲಿಗೆ ಬೆಳಕೇ ಬೀಳದ ಕಾರಣ ಟೆಂಪರೇಚರ್ ಇಳಿಸಿದ ಕೂಡ್ಲೇ ನೆರಳಿನಲ್ಲೆಲ್ಲ ನೀಲಿ ಮರಳು ಎದ್ದಿತು, ನಾಯ್ಸ್ ತೆಗಿಲಿಕ್ಕೆ ಅರ್ಧ ರಾತ್ರಿ ಹೋಯ್ತು. ಮತ್ತೆ ರಾ ದಲ್ಲಿ ತೆಗೆದ್ರೆ ದೊಡ್ಡ ಪ್ರಿಂಟ್ ಬರ್ತದೆ ಅಂತ ಒಂದು ನಂಬಿಕೆ ಉಂಟಲ್ಲ, ಅದು ಸುಳ್ಳು. ಎರಡರಲ್ಲೂ ಪಿಕ್ಸೆಲ್ ಅಷ್ಟೇ, 6016ಕ್ಕೆ 4016. ಮೂರಡಿ ಅಗಲಕ್ಕೆ ಇಂಚಿಗೆ 167 ಪಿಕ್ಸೆಲ್ ಸಿಕ್ತದೆ, ಗೋಡೆಯ ಮೇಲೆ ದೂರದಿಂದ ನೋಡುವ ಫೋಟೋಕ್ಕೆ ಧಾರಾಳ. ಜೆಪೆಗ್ ಹಾಳಾದದ್ದು ಸಣ್ಣದಾದ ಕಾರಣ ಅಲ್ಲ.

ಆವತ್ತೇ ಕ್ಯಾಮರಾದಲ್ಲಿ ನೋಡಿದ್ದೆಯಲ್ಲ, ಗೊತ್ತಾಗ್ಲಿಲ್ವಾ ಅಂತ ನನ್ನ ಭಾವ ಕೇಳಿದ. ನೋಡಿದ್ದೆ. ಬೆಳಕು ಜಾಸ್ತಿಯಾಗಿ ಹೋದ ಜಾಗ ಸ್ಕ್ರೀನಿನಲ್ಲಿ ಮಿನುಗುವುದನ್ನ ಆನ್ ಮಾಡಿ ಇಟ್ಟಿದ್ದೆ, ಮುಖದಲ್ಲಿ ಮಿನುಗ್ಲಿಲ್ಲ. ಅದು ಒಟ್ಟು ಬೆಳಕಿನ ಲೆಕ್ಕ, ಅದರಲ್ಲಿ ಹಸಿರಿಗೇ ದೊಡ್ಡ ಪಾಲು, ಕೆಂಪಿಗೆ ಸಣ್ಣದು ಮಾತ್ರ. ಕೆಂಪು ಒಂದೇ ಚೆಲ್ಲಿದ್ರೆ ಆ ಲೆಕ್ಕಕ್ಕೆ ಗೊತ್ತೇ ಆಗುವುದಿಲ್ಲ. ಮೂರು ಬಣ್ಣ ಬೇರೆ ಬೇರೆ ತೋರಿಸುವ ಗ್ರಾಫ್, ಅಂದ್ರೆ ಹಿಸ್ಟೋಗ್ರಾಂ, ಎರಡು ಬಟನ್ ಆಚೆ ಇತ್ತು, ಅಲ್ಲಿ ಕೆಂಪು ಬಲಗೋಡೆಗೆ ಏರಿ ನಿಂತದ್ದು ಕಾಣ್ತಿತ್ತು. ನಾನು ಬಟನ್ ಒತ್ತಲಿಲ್ಲ, ಅಷ್ಟೇ.

ಹಾರಿದ ಫೋಟೋವನ್ನ ಬದುಕಿಸ್ಲಿಕ್ಕೆ ಎರಡು ದಾರಿ ನೋಡಿದೆ. ಒಂದು, ಹಸಿರು ಚಾನೆಲ್ ಮಾತ್ರ ಇಟ್ಟು ಕಪ್ಪುಬಿಳುಪು. ನನಗೆ ಕೇಳಿದ್ರೆ ಆ ರಾತ್ರಿಯ ಬೆಸ್ಟ್ ಫೋಟೋ ಅದೇ. ಎರಡನೆಯದ್ದು, ಹಸಿರಿನಿಂದ ಬೆಳಕು-ನೆರಳು ತೆಗೊಂಡು ಅದರ ಮೇಲೆ ಬಣ್ಣ ತುಂಬಿಸುವುದು. ಹನ್ನೆರಡಿಂಚಿನ ಟೆಸ್ಟ್ ಪ್ರಿಂಟ್ ತೆಗೆಸಿದೆ, ಮೇಣದ ಬೊಂಬೆಯ ಹಾಗೆ ಬಂತು, ಯಾರಿಗೂ ತೋರಿಸದೆ ಹರಿದು ಹಾಕಿದೆ. ಕಪ್ಪುಬಿಳುಪಿನದ್ದನ್ನೂ ಬೆಂಕಿ ಬದಿಯಲ್ಲಿ ನಿಂತ ಒಂದು ರಾ ಫೋಟೋವನ್ನೂ ಹಿಡ್ಕೊಂಡು ಮಾಷ್ಟ್ರ ಮನೆಗೆ ಹೋದೆ.

ಮಾಷ್ಟ್ರು ನನಗೆ ಏಳನೇ ಕ್ಲಾಸಿನಲ್ಲಿ ಲೆಕ್ಕ ಕಲಿಸಿದವರು, ಅವರ ಹತ್ರ ಸುತ್ತಿ ಬಳಸಿ ಹೇಳ್ಲಿಕ್ಕೆ ಆಗುವುದಿಲ್ಲ. ಕಪ್ಪುಬಿಳುಪಿನದ್ದನ್ನ ಕನ್ನಡಕ ಏರಿಸಿ ಇಳಿಸಿ ನೋಡಿದ್ರು.

"ದೈವದ ಫೋಟೋ ಬಣ್ಣ ಇಲ್ಲದೆ ಚಾವಡಿಯಲ್ಲಿ ಇಡ್ಲಿಕ್ಕುಂಟಾ? ತೀರಿಹೋದವರ ಫೋಟೋದ ಹಾಗೆ ಆಗ್ತದೆ. ಮೊದಲು ಕಳಿಸಿದ್ದಿಯಲ್ಲ, ಅದರ ಬಣ್ಣ ಸ್ವಲ್ಪ ಸರಿ ಮಾಡಿದ್ರೆ ಆಯ್ತು."

"ಅದು ಸರಿ ಆಗುವುದಿಲ್ಲ ಮಾಷ್ಟ್ರೆ. ಒಣಗಿಸಿ ಚಾಲಿ ಮಾಡಿದ ಅಡಿಕೆಯನ್ನ ಆಮೇಲೆ ಬೇಯಿಸಿ ಕೆಂಪಡಿಕೆ ಮಾಡ್ಲಿಕ್ಕಾಗ್ತದಾ? ಕೆಂಪು ಬೇಕಿದ್ರೆ ಎಳತ್ತಿರುವಾಗ್ಲೇ ಕೊಯ್ಯಬೇಕು."

ಅವರು ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಮತ್ತೆ, "ಸರಿ, ಹಾಗಾದ್ರೆ ನೀನು ಯಾಕೆ ಅದನ್ನೇ ಒಣಗಿಸ್ಲಿಕ್ಕೆ ಹಾಕಿದ್ದು?" ಅಂದ್ರು.

ಲೆಕ್ಕದ ಮಾಷ್ಟ್ರು. ಉತ್ತರ ಇರ್ಲಿಲ್ಲ. ಊಟದ ಪಂಕ್ತಿಗೆ ಹಸಿ ಇಟ್ಟು ಅಗ್ನಿಗೆ ಒಣಗಿಸಿದ್ದು ಅಂತ ಬಾಯಿಬಿಟ್ಟು ಹೇಳ್ಲಿಕ್ಕಾಗ್ತದಾ?

ಇಷ್ಟೆಲ್ಲ ಆದ ಮೇಲೆ ನಾನು ಜೆಪೆಗ್ ಬಿಟ್ಟಿದ್ದೇನಾ ಅಂದ್ರೆ ಇಲ್ಲ, ಮೊದಲಿಗಿಂತ ಜಾಸ್ತಿ ತೆಗೀತೇನೆ. ಹಾಲ್‌ನ ರಿಸೆಪ್ಶನ್, ಶಾಲೆಯ ವಾರ್ಷಿಕೋತ್ಸವ, ಹಗಲಿನ ಮೆರವಣಿಗೆ, ಗ್ರೂಪ್ ಫೋಟೋ ಎಲ್ಲ ಜೆಪೆಗ್, ಬೆಳಕು ಕ್ಯಾಮರಾಕ್ಕೆ ಅರ್ಥ ಆಗುವಂಥದ್ದಾದ್ರೆ ಅದರ ಅಡಿಗೆ ನನ್ನ ಅಡಿಗೆಗಿಂತ ರುಚಿ. ಸಾವಿರ ರಾ ಫೈಲ್ ಎದುರು ಕೂತು ಸ್ಲೈಡರ್ ಎಳೆಯುವವ ಯಾರು? ಪೇಪರಿಗೆ ಕಳಿಸುವುದಾದ್ರೂ ಜೆಪೆಗೇ ಸರಿ. 2015ರಲ್ಲಿ ರಾಯಿಟರ್ಸ್ ತನ್ನ ಫ್ರೀಲ್ಯಾನ್ಸ್ ಫೋಟೋಗ್ರಾಫರ್‌ಗಳಿಗೆ ರಾ ದಿಂದ ಮಾಡಿದ ಫೋಟೋ ಬೇಡ, ಕ್ಯಾಮರಾದಲ್ಲೇ ಜೆಪೆಗ್ ಆಗಿ ಬಂದದ್ದು ಕಳಿಸಿ ಅಂತ ಹೇಳಿದ್ದು ಸುಮ್ಮನೆ ಅಲ್ಲ, ಬೇಗ ಬರ್ಬೇಕು, ಜಾಸ್ತಿ ಕೈಯಾಡಿಸಿರ್ಬಾರ್ದು. ಆದ್ರೆ ಬೆಂಕಿ, ದೊಂದಿ, ಯಕ್ಷಗಾನದ ರಂಗಸ್ಥಳದ ಮೇಲೆ ಕೆಂಪು-ನೀಲಿ ಎಲ್‌ಇಡಿ ಪಾರ್ ಲೈಟ್, ಇಂಥದ್ದು ಬಂದ ಕೂಡ್ಲೇ ರಾ ಗೆ ಹಾಕ್ತೇನೆ, ಹತ್ತೇ ಫೋಟೋ ಆದ್ರೂ ಸರಿ. ಬಫರಿಗೆ ಮದ್ದು 12 ಬಿಟ್ ಕಂಪ್ರೆಸ್ಡ್ ರಾ, ಫೈಲ್ ಸಣ್ಣದಾಗ್ತದೆ, ಸಾಲು ಸ್ವಲ್ಪ ಉದ್ದ ಸಿಕ್ತದೆ, ಕಣ್ಣಿಗೆ ವ್ಯತ್ಯಾಸ ನಾನಂತೂ ಕಂಡಿಲ್ಲ. ಮತ್ತೆ ಒತ್ತಿ ಹಿಡಿಯುವುದನ್ನ ಬಿಟ್ಟು ಹಾರುವ ಹೊತ್ತಿಗೆ ಸರಿಯಾಗಿ ಒತ್ತಲಿಕ್ಕೆ ಕಲಿತಾ ಇದ್ದೇನೆ, ಇನ್ನೂ ಪೂರಾ ಬರ್ಲಿಲ್ಲ.

ಬ್ಯಾಕಪ್ ಕೂಡ ಬದಲಾಯಿಸಿದೆ, ಒಂದು ಕಾರ್ಡಿಗೆ ರಾ, ಇನ್ನೊಂದಕ್ಕೆ ಅದರದ್ದೇ ಜೆಪೆಗ್. ಕಾರ್ಡ್ ಕೆಟ್ರೆ ಏನಾದ್ರೂ ಒಂದು ಉಳೀತದೆ, ಬೆಳಿಗ್ಗೆ ಗ್ಲಾಸ್ ಬಡಿಯುವ ಹುಡುಗನಿಗೂ ಕೊಡ್ಲಿಕ್ಕಾಗ್ತದೆ. ನಿಜ ಹೇಳ್ಬೇಕಾದ್ರೆ ರಾ ಒಂದೇ ಇದ್ರೂ ಆಗ್ತಿತ್ತು, ನಿಕಾನ್‌ನ ರಾ ಫೈಲಿನ ಹೊಟ್ಟೆಯೊಳಗೇ ಪೂರ್ತಿ ಸೈಜಿನ ಒಂದು ಜೆಪೆಗ್ ಕೂತಿರ್ತದೆ, ಸ್ಕ್ರೀನಿನಲ್ಲಿ ನಾವು ನೋಡುವುದೂ ಅದನ್ನೇ, ಎಕ್ಸಿಫ್‌ಟೂಲ್ ಅಂತ ಒಂದು ಫ್ರೀ ಪ್ರೋಗ್ರಾಂ ಅದನ್ನ ನಿಮಿಷದಲ್ಲಿ ನೂರಾರು ಹೊರಗೆ ತೆಗೆದು ಕೊಡ್ತದೆ. ಇದು ನನಗೆ ಗೊತ್ತಾದದ್ದು ಇಷ್ಟೆಲ್ಲ ರಾಮಾಯಣ ಆದ ಮೇಲೆ.

ಚಾವಡಿಯಲ್ಲಿ ಈಗ ಇರುವುದು ಕೆಂಡದ ಬದಿಯಲ್ಲಿ ನಿಂತ ಫೋಟೋ, ಮೂರಡಿ ಅಗಲ, ಬೆವರಿನ ಹನಿ ದೂರದಿಂದಲೂ ಕಾಣ್ತದೆ. ದುಡ್ಡು ಅರ್ಧ ತೆಗೊಂಡೆ. ಮೊನ್ನೆ ಮಾಷ್ಟ್ರು ಎಂತದೋ ನಂಬರ್ ಹುಡುಕ್ಲಿಕ್ಕೆ ಅಂತ ಮೊಬೈಲ್ ನನ್ನ ಕೈಗೆ ಕೊಟ್ರು, ವಾಲ್‌ಪೇಪರ್ ನೋಡಿದೆ. ಅದೇ, ಹಾರಿದ್ದು, ಮುಖ ಇಲ್ಲದ್ದು.